160 ಎಕರೆ, ಒಂದು ಸಮಾಧಿ

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಹೆಸರಲ್ಲಿ ಓಡಾಡುವ ಒಂದು ಕಥೆ ಇದೆ. ಸ್ಕ್ಯಾಂಡಿನೇವಿಯಾದವರೊಬ್ಬರು ಅವರ ಹತ್ತಿರ 'ನಮ್ಮ ಕಡೆ ಬಡತನವೇ ಇಲ್ಲ' ಅಂದರಂತೆ. ಅದಕ್ಕೆ ಫ್ರೀಡ್ಮನ್, 'ಅಮೆರಿಕದಲ್ಲಿರೋ ಸ್ಕ್ಯಾಂಡಿನೇವಿಯನ್ನರಲ್ಲೂ ಇಲ್ಲ' ಅಂದರಂತೆ. ಅಂದರೆ ಸರ್ಕಾರ, ಕಾನೂನು, ಯೋಜನೆ ಎಲ್ಲ ಸುಮ್ಮನೆ, ಜನ ಚೆನ್ನಾಗಿದ್ದರೆ ಎಲ್ಲಿ ಹೋದರೂ ಉದ್ಧಾರ ಆಗ್ತಾರೆ ಅಂತ ಅರ್ಥ.

ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು ಈ ಕಥೆ ಹೇಳಿದರು. ಇನ್ನೊಬ್ಬರು, 'ಹಾಗಾದ್ರೆ ಐರಿಷ್‌ನವರು ಯಾಕೆ ಅಷ್ಟು ವರ್ಷ ಕೊಳೆಗೇರೀಲಿ ಇದ್ರು?' ಅಂತ ಕೇಳಿದರು. 'ಅವರು ಕುಡುಕರು ಮಾರಾಯ' ಅಂತ ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಆಮೇಲೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯ್ತು. ಯಾಕಂದ್ರೆ ಅದೇ ತಿಂಗಳು ನಾನು ಓದುತ್ತಿದ್ದ ಎರಡು ಹಳೇ ಕಾದಂಬರಿಗಳು ಇದೇ ಎರಡು ಜನರ ಬಗ್ಗೆ ಇದ್ದವು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಆ ಜೋಕು ನಿಲ್ಲೋದಿಲ್ಲ.

ಮೊದಲನೆಯದು ಓ.ಇ. ರೋಲ್ವಾಗ್ ಅವರ 'ಜೈಂಟ್ಸ್ ಇನ್ ದಿ ಅರ್ಥ್'. ರೋಲ್ವಾಗ್ 1876ರಲ್ಲಿ ನಾರ್ವೆಯ ಉತ್ತರದ ಕರಾವಳಿಯಲ್ಲಿ ಹುಟ್ಟಿದವರು. ಮೀನು ಹಿಡಿದುಕೊಂಡಿದ್ದು, 1896ರಲ್ಲಿ ಅಮೆರಿಕಕ್ಕೆ ಬಂದು, ಆಮೇಲೆ ಮಿನ್ನೆಸೋಟದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಪಾಠ ಮಾಡಿದರು. ಈ ಕಾದಂಬರಿಯನ್ನು ನಾರ್ವೇಜಿಯನ್ ಭಾಷೆಯಲ್ಲೇ ಬರೆದರು. 1924 ಮತ್ತು 1925ರಲ್ಲಿ ಎರಡು ಭಾಗವಾಗಿ ನಾರ್ವೆಯಲ್ಲಿ ಬಂತು, 1927ರಲ್ಲಿ ಇಂಗ್ಲಿಷಿಗೆ ಬಂತು. ಅಮೆರಿಕದ ಕಾದಂಬರಿಯೊಂದು ಬೇರೆ ಭಾಷೆಯಿಂದ ಇಂಗ್ಲಿಷಿಗೆ ಅನುವಾದ ಆಗಿ ಬಂದದ್ದು ಅಂತ ನೆನಪಿಟ್ಟುಕೊಂಡು ಓದಬೇಕು.

ಕಥೆ ಶುರುವಾಗೋದು 1873ರಲ್ಲಿ, ಡಕೋಟದ ಬಯಲಲ್ಲಿ. ಪೆರ್ ಹನ್ಸಾ ಅನ್ನೋ ಬೆಸ್ತ, ಹೆಂಡತಿ ಬೆರೆಟ್ ಮತ್ತು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದು, ಹುಲ್ಲುಹೆಂಟೆಯ ಗೋಡೆ ಕಟ್ಟಿ ಮನೆ ಮಾಡ್ತಾನೆ. ಸುತ್ತ ನಾಲ್ಕಾರು ನಾರ್ವೇಜಿಯನ್ ಕುಟುಂಬಗಳು. ಪೆರ್ ಹನ್ಸಾನ ಹುಮ್ಮಸ್ಸು ಓದುಗರಿಗೂ ಅಂಟಿಕೊಳ್ಳುತ್ತೆ. ಅವನು ಗೋಡೆಗೆ ಸುಣ್ಣ ಬಳಿದರೂ ನಮಗೆ ಖುಷಿ.

ಈ ಹುಮ್ಮಸ್ಸಿನ ನಡುವೆ ಒಂದು ಪ್ರಸಂಗ ಬರುತ್ತೆ. ಪಕ್ಕದವರ ಜಮೀನಿನಲ್ಲಿ ಪೆರ್ ಹನ್ಸಾನಿಗೆ ಗಡಿಗೂಟಗಳು ಕಾಣಿಸ್ತವೆ. ಮೇಲೆ ಐರಿಷ್ ಹೆಸರುಗಳು. ಅಂದರೆ ಯಾರೋ ಮೊದಲೇ ಬಂದು ಈ ನೆಲ ನಮ್ಮದು ಅಂತ ಗುರುತು ಹಾಕಿ ಹೋಗಿದ್ದಾರೆ. ಅವನು ಯಾರಿಗೂ ಹೇಳದೆ ಆ ಗೂಟಗಳನ್ನು ಕಿತ್ತು, ಬಚ್ಚಿಟ್ಟು, ಸುಟ್ಟುಬಿಡ್ತಾನೆ. ಬೆರೆಟ್‌ಗೆ ಗೊತ್ತಾಗುತ್ತೆ. ಅವಳು ಹುಟ್ಟಿದ ಊರಲ್ಲಿ ಗಡಿಕಲ್ಲು ಕೀಳೋದಕ್ಕಿಂತ ದೊಡ್ಡ ಪಾಪ ಇಲ್ಲ. ಗಂಡ ಯಾವ ಮನುಷ್ಯ ಆಗಿಹೋದ ಅಂತ ಅವಳು ಕೊರಗೋಕೆ ಶುರು ಮಾಡ್ತಾಳೆ. ಆಮೇಲೆ ಐರಿಷರು ಬರ್ತಾರೆ, ಹೊಡೆದಾಟ ಆಗುತ್ತೆ. ಅವರ ಹತ್ತಿರ ಸರಿಯಾದ ಕಾಗದಪತ್ರ ಇರೋದಿಲ್ಲ, ನಾರ್ವೇಜಿಯನ್ನರು ಭೂಕಚೇರಿಯಲ್ಲಿ ಮೊದಲೇ ನೋಂದಾಯಿಸಿರ್ತಾರೆ. ಐರಿಷರು ಇನ್ನೂ ಪಶ್ಚಿಮಕ್ಕೆ ಸರಿದು ಬೇರೆ ನೆಲ ಹಿಡೀತಾರೆ.

ಕಾದಂಬರಿಯ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲೇ ಇರೋದು. ಈ ಐರಿಷರಿಗೆ ರೋಲ್ವಾಗ್ ಮುಖವನ್ನೇ ಕೊಡೋದಿಲ್ಲ. ಅವರು ಬರೋದು ಗಲಾಟೆಯಾಗಿ, ಹೋಗೋದು ಗಲಾಟೆಯಾಗಿ. ಪೆರ್ ಹನ್ಸಾನ ನೆಲದಲ್ಲೇ ಗುಡ್ಡದ ಮೇಲೆ ಮೂಲನಿವಾಸಿಗಳ ಸಮಾಧಿಯೊಂದಿದೆ. ಅವರೂ ಹೀಗೇ, ಕಥೆಯ ಅಂಚಿನಲ್ಲಿ ಹಾದುಹೋಗ್ತಾರೆ. ಆದರೆ ಲೇಖಕರಿಗೆ ಇದು ಪೂರ್ತಿ ಗೊತ್ತಿಲ್ಲ ಅಂತಲೂ ಹೇಳೋಕಾಗಲ್ಲ. ಗೂಟ ಸುಟ್ಟ ಪಾಪವನ್ನು ಅವರು ಬೆರೆಟ್ ಮನಸ್ಸಿನಲ್ಲಿ ಇಟ್ಟಿದ್ದಾರೆ. ಗಂಡ ಗೆದ್ದೆ ಅಂತ ಕುಣಿದ ಕಡೆಯಲ್ಲೇ ಹೆಂಡತಿಯ ಬುದ್ಧಿ ಕದಡೋಕೆ ಶುರುವಾಗುತ್ತೆ.

ಇಷ್ಟಕ್ಕೂ ಆ ನೆಲ ಸಿಕ್ಕಿದ್ದು ಹೇಗೆ? 1862ರ ಹೋಮ್‌ಸ್ಟೆಡ್ ಕಾಯ್ದೆಯಿಂದ. ಪ್ರಜೆ ಆಗಿರಬೇಕು, ಇಲ್ಲಾ ಆಗ್ತೀನಿ ಅಂತ ಘೋಷಿಸಬೇಕು. ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ನಿಮ್ಮದು. ನಾರ್ವೆಯ ದೊಡ್ಡ ವಲಸೆಯ ಮೊದಲ ಅಲೆ ಎದ್ದದ್ದು ಇದಾದ ಮೇಲೆ, 1866ರ ಹೊತ್ತಿಗೆ. ತಾಯ್ನಾಡಿನಲ್ಲಿ ಉಳುವ ನೆಲ ಕಡಿಮೆ. ಇದ್ದದ್ದೂ ಹಿರಿಮಗನ ಪಾಲು. ಹಾಗಾಗಿ ಕಿರಿಯರು ಹೊರಟರು. ಸರಿಯಾದ ಸಮಯಕ್ಕೆ ಬಂದರು.

ಐರಿಷರ ದೊಡ್ಡ ಅಲೆ ಬಂದದ್ದು ಅದಕ್ಕೂ ಸುಮಾರು 15 ವರ್ಷ ಮೊದಲು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. 1852ರೊಳಗೆ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಕ್ಕೆ ಸತ್ತರು, ಅದಕ್ಕೂ ಹೆಚ್ಚು ಜನ ಊರು ಬಿಟ್ಟರು. ಬಹಳಷ್ಟು ಮಂದಿ ಗೇಣಿದಾರರು, ಕೂಲಿಗಳು. ಕೆಲವರ ಹಡಗಿನ ಟಿಕೆಟ್ಟಿಗೆ ಜಮೀನ್ದಾರನೇ ದುಡ್ಡು ಕೊಟ್ಟಿದ್ದ, ಎಸ್ಟೇಟು ಖಾಲಿ ಆಗಲಿ ಅಂತ. ಆಗ ಅಮೆರಿಕದಲ್ಲಿ ಸರ್ಕಾರಿ ಜಮೀನು ಪುಕ್ಕಟೆ ಅಲ್ಲ, ಎಕರೆಗೆ ಒಂದೂಕಾಲು ಡಾಲರ್. 160 ಎಕರೆಗೆ 200 ಡಾಲರ್. ಅದರ ಮೇಲೆ ಎತ್ತು, ನೇಗಿಲು, ಬೀಜ, ಮೊದಲ ಬೆಳೆ ಬರೋತನಕ ಊಟ. ಬಂದರಿನಲ್ಲಿ ಇಳಿದ ದಿನವೇ ಕೂಲಿ ಹುಡುಕಬೇಕಾದವನು ಎಲ್ಲಿಂದ ತರ್ತಾನೆ? ಅವನು ಕಾಲುವೆ ತೋಡಿದ, ರೈಲುಹಳಿ ಹಾಕಿದ. ಅವನ ತಂಗಿ ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆದಳು. ಇಬ್ಬರೂ ದುಡ್ಡು ಉಳಿಸಿ ಊರಿಗೆ ಕಳಿಸಿದರು, ಮುಂದಿನ ತಮ್ಮನ ಟಿಕೆಟ್ಟಿಗೆ.

ಎರಡನೇ ಕಾದಂಬರಿ ಈ ಜನರ ಮಕ್ಕಳ ಕಾಲದ್ದು. ಬೆಟ್ಟಿ ಸ್ಮಿತ್ ಅವರ 'ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್' ಬಂದದ್ದು 1943ರಲ್ಲಿ, ಕಥೆ ಶುರುವಾಗೋದು 1912ರ ವಿಲಿಯಮ್ಸ್‌ಬರ್ಗ್ ವಠಾರಗಳಲ್ಲಿ. ಜಾನಿ ನೋಲನ್ ಐರಿಷ್ ವಲಸಿಗರ ಮಗ, ಹಾಡುವ ವೇಟರ್. ಚೆಲುವ, ಒಳ್ಳೆಯವನು, ಕುಡುಕ. ಹೆಂಡತಿ ಕೇಟಿ, ಆಸ್ಟ್ರಿಯಾದಿಂದ ಬಂದವರ ಮಗಳು, ವಠಾರದ ಮೆಟ್ಟಿಲು ತಿಕ್ಕಿ ಬಾಡಿಗೆ ತೀರಿಸ್ತಾಳೆ. ಕೇಟಿಯ ತಾಯಿ ಮಗಳಿಗೆ ಒಂದು ಬುದ್ಧಿಮಾತು ಹೇಳಿರ್ತಾಳೆ: ತಗಡಿನ ಡಬ್ಬಿಯೊಂದನ್ನು ಬೀರುವಿನ ಮೂಲೆಯಲ್ಲಿ ಮೊಳೆ ಹೊಡೆದು ಕೂರಿಸು, ದಿನಾ ಐದು ಸೆಂಟು ಹಾಕು, ಒಂದು ದಿನ ತುಂಡು ನೆಲ ತಗೋ. ನೆಲ ಇದ್ದವರು ಜೀತದವರಲ್ಲ ಅನ್ನೋದು ಆ ಮುದುಕಿಯ ನಂಬಿಕೆ.

ಡಬ್ಬಿ ವರ್ಷಗಟ್ಟಲೆ ಇರುತ್ತೆ. 1915ರ ಕ್ರಿಸ್‌ಮಸ್ ದಿನ ಜಾನಿ ಸಾಯ್ತಾನೆ. ಡಬ್ಬಿ ಒಡೆದು ಆ ದುಡ್ಡಲ್ಲಿ ಸ್ಮಶಾನದಲ್ಲಿ ಜಾಗ ಕೊಳ್ತಾರೆ. ಕೊನೆಗೂ ನೋಲನ್ ಕುಟುಂಬಕ್ಕೆ ನೆಲ ಸಿಕ್ಕಿತು. ಈ ಪುಟ ಓದಿ ಪುಸ್ತಕ ಮುಚ್ಚಿಟ್ಟೆ. ಡಕೋಟದಲ್ಲಿ ಸಣ್ಣ ಶುಲ್ಕಕ್ಕೆ 160 ಎಕರೆ. ಬ್ರೂಕ್ಲಿನ್ನಿನಲ್ಲಿ ವರ್ಷಗಟ್ಟಲೆ ಉಳಿಸಿದ ಚಿಲ್ಲರೆಗೆ ಆರಡಿ.

'ಆದ್ರೂ ಜಾನಿ ಕುಡುಕ ತಾನೇ?' ಅಂತ ನೀವು ಕೇಳಬಹುದು. ಹೌದು, ಕುಡುಕನೇ. ಆದರೆ ಬೆಟ್ಟಿ ಸ್ಮಿತ್ ಜರ್ಮನ್ ಮೂಲದ ಕುಟುಂಬದವರು. ಚೆಲುವ ಐರಿಷ್ ಕುಡುಕ ಅನ್ನೋ ಅಚ್ಚು ಅವರು ಬರೆಯೋಕೆ ಮೊದಲೇ ತಯಾರಿತ್ತು. 1945ರಲ್ಲಿ ಎಲಿಯಾ ಕಜಾನ್ ಸಿನಿಮಾ ಮಾಡಿದಾಗ ಜಾನಿ ಪಾತ್ರಕ್ಕೆ ಜೇಮ್ಸ್ ಡನ್‌ಗೆ ಆಸ್ಕರ್ ಬಂತು. ಜನರ ನೆನಪಲ್ಲಿ ನಿಂತದ್ದು ಜಾನಿಯೇ. ನಾವು ಮರೆಯೋದು ಅದೇ ಕಾದಂಬರಿಯ ಇನ್ನೊಬ್ಬ ಐರಿಷ್ ಮನುಷ್ಯನನ್ನು. ಮೆಕ್‌ಶೇನ್ ಐರ್ಲೆಂಡಿನಿಂದಲೇ ಬಂದವನು, ಪೊಲೀಸ್ ಸಾರ್ಜೆಂಟ್, ಆಮೇಲೆ ರಾಜಕೀಯದಲ್ಲಿ ಮೇಲೆ ಬರ್ತಾನೆ. ಕೊನೆಗೆ ಕೇಟಿಯನ್ನು ಮದುವೆಯಾಗೋದು ಅವನೇ, ಮನೆಯ ಬಡತನ ಮುಗಿಯೋದು ಅವನಿಂದಲೇ. ಐರಿಷರು ನಿಜವಾಗಿ ಮೇಲೆ ಬಂದ ದಾರಿಯೂ ಇದೇ: ಪೊಲೀಸು, ಅಗ್ನಿಶಾಮಕ ದಳ, ನಗರಸಭೆ, ಪಕ್ಷ. 1880ರಲ್ಲೇ ನ್ಯೂಯಾರ್ಕಿಗೆ ಐರಿಷ್ ಕ್ಯಾಥೊಲಿಕ್ ಮೇಯರ್ ಆಯ್ಕೆಯಾದ. ಅವರಿಗೆ 160 ಎಕರೆ ಸಿಗಲಿಲ್ಲ, ಇಂಗ್ಲಿಷ್ ಇತ್ತು, ವೋಟಿತ್ತು. ಅದನ್ನೇ ಉತ್ತರು.

ಉಳಿತಾಯದ ವಿಷಯಕ್ಕೆ ಬಂದರೆ, ನ್ಯೂಯಾರ್ಕಿನಲ್ಲಿ 1850ರಲ್ಲಿ ಐರಿಷರಿಗಾಗಿಯೇ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕ್ ಶುರುವಾಯ್ತು. ಅದರ ಹಳೇ ಲೆಡ್ಜರ್‌ಗಳನ್ನು ಹಿಡಿದು ಇತಿಹಾಸಕಾರ ಟೈಲರ್ ಆನ್‌ಬೈಂಡರ್ ಬರೆದ ಪುಸ್ತಕ 2024ರಲ್ಲಿ ಬಂದಿದೆ. ಕ್ಷಾಮದಿಂದ ಓಡಿಬಂದ ಜನ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಉಳಿಸಿದ್ದರು ಅನ್ನೋದು ಅವರ ವಾದ. ತಗಡಿನ ಡಬ್ಬಿ ಐರಿಷರ ಹತ್ತಿರವೂ ಇತ್ತು.

ಹಾಗಾದರೆ ನಾರ್ವೇಜಿಯನ್ನರು ನಿಜಕ್ಕೂ ಅಷ್ಟು ಚೆನ್ನಾಗಿದ್ದರಾ? ಇಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಅಬ್ರಮಿಟ್‌ಸ್ಕಿ, ಬೌಸ್ಟನ್, ಎರಿಕ್ಸನ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕಕ್ಕೆ ಬಂದ ನಾರ್ವೇಜಿಯನ್ನರನ್ನು ಊರಲ್ಲೇ ಉಳಿದ ಅವರ ಸ್ವಂತ ಅಣ್ಣತಮ್ಮಂದಿರ ಜೊತೆ ಹೋಲಿಸಿ 2012ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಲಸೆಯಿಂದ ಸಿಕ್ಕ ಲಾಭ ಸುಮಾರು ಶೇ. 70. ಕೇಳೋಕೆ ಜಾಸ್ತಿ ಅನಿಸಿದರೂ ಇದನ್ನು ಅವರು ಕಡಿಮೆ ಅಂತಲೇ ಕರೀತಾರೆ. ನಾರ್ವೆಯ ಪಟ್ಟಣಗಳಿಂದ ಹೊರಟವರು ಹೆಚ್ಚಾಗಿ ಕೆಳಸ್ತರದವರು, ಆರಿಸಿ ತೆಗೆದ ಮುತ್ತುಗಳೇನಲ್ಲ. 2014ರ ಇನ್ನೊಂದು ಪ್ರಬಂಧದಲ್ಲಿ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ನಾರ್ವೆಯಿಂದ ಬಂದವರು ಅಮೆರಿಕದಲ್ಲೇ ಹುಟ್ಟಿದವರಿಗಿಂತ ಕಡಿಮೆ ಆದಾಯದ ಕಸುಬುಗಳಲ್ಲಿದ್ದರು, ವರ್ಷ ಕಳೆದರೂ ಆ ಅಂತರ ಮುಚ್ಚಲಿಲ್ಲ ಅಂತ ತೋರಿಸಿದ್ದಾರೆ. ಈ ಅಳತೆಯಲ್ಲೂ ಒಂದು ತೊಡಕಿದೆ. ಅದು ಕಸುಬಿನ ಹೆಸರಿಗೆ ಸರಾಸರಿ ಆದಾಯ ಕಟ್ಟುವ ಲೆಕ್ಕ. ರೈತನ ನೆಲದ ಬೆಲೆಯೂ ಅದರಲ್ಲಿ ಕಾಣಲ್ಲ, ಸಾಲವೂ ಕಾಣಲ್ಲ. ಪೇಟೆಯ ಪೊಲೀಸನ ಸಂಬಳವನ್ನೂ ಬಯಲಿನ ಒಕ್ಕಲಿಗನ ಗೋಧಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸುಲಭ ಅಲ್ಲ.

ಇನ್ನು ಬೆರೆಟ್‌ಳನ್ನು ಯಾವ ತಕ್ಕಡಿಗೆ ಹಾಕ್ತೀರಿ? ಮಿಡತೆ ದಂಡು ಬಂದು ಬೆಳೆ ತಿಂದ ದಿನ ಪೆರ್ ಹನ್ಸಾ ಮನೆಗೆ ಬಂದರೆ, ಅವಳು ಮಕ್ಕಳನ್ನು ಎಳೆದುಕೊಂಡು ಊರಿಂದ ತಂದ ದೊಡ್ಡ ಪೆಟ್ಟಿಗೆಯೊಳಗೆ ಕೂತಿರ್ತಾಳೆ. ಕೊನೆಗೆ ಪೆರ್ ಹನ್ಸಾನೂ ಸಾಯುತ್ತಿರುವ ಗೆಳೆಯನಿಗಾಗಿ ಪಾದ್ರಿಯನ್ನು ಕರೆತರೋಕೆ ಹಿಮಬಿರುಗಾಳಿಯಲ್ಲಿ ಹೊರಟು ಸಾಯ್ತಾನೆ. ಅಂಕಿಅಂಶದಲ್ಲಿ ಇದು 160 ಎಕರೆಯ ಯಶಸ್ವಿ ಕುಟುಂಬ. 'ಆರ್ಥಿಕ ಯೋಗಕ್ಷೇಮ' ಅನ್ನೋ ಪದದಲ್ಲಿ ಕ್ಷೇಮ ಅನ್ನೋದೂ ಇದೆ ಅಂತ ಈ ಕಾದಂಬರಿ ನೆನಪಿಸೋ ಹಾಗೆ ಯಾವ ಕೋಷ್ಟಕವೂ ನೆನಪಿಸಲ್ಲ. ಅದಕ್ಕೇ ಅದರ ತಪ್ಪುಗಳ ಸಮೇತ ನನಗೆ ಅದು ದೊಡ್ಡ ಕಾದಂಬರಿ.

ಇವತ್ತಿನ ಲೆಕ್ಕ ಕೇಳಿದರೆ, ಐರಿಷ್ ಮೂಲದವರು ಅಂತ ಹೇಳಿಕೊಳ್ಳುವ ಅಮೆರಿಕನ್ನರು 3 ಕೋಟಿಗೂ ಹೆಚ್ಚು, ನಾರ್ವೇಜಿಯನ್ ಮೂಲದವರು ಸುಮಾರು 40 ಲಕ್ಷ. ಇಬ್ಬರ ಮಧ್ಯಮ ಕುಟುಂಬ ಆದಾಯವೂ ದೇಶದ ಮಟ್ಟಕ್ಕಿಂತ ಮೇಲಿದೆ. ಆದರೆ ಇದು ಅವರವರೇ ಹೇಳಿಕೊಂಡ ಮೂಲ. ರೋಲ್ವಾಗ್ ಇದನ್ನೂ ಮೊದಲೇ ಕಂಡಿದ್ದರು. ಮುಂದಿನ ಎರಡು ಕಾದಂಬರಿಗಳಲ್ಲಿ, ಅಂದರೆ 1929 ಮತ್ತು 1931ರಲ್ಲಿ ಇಂಗ್ಲಿಷಿಗೆ ಬಂದ 'ಪೀಡರ್ ವಿಕ್ಟೋರಿಯಸ್' ಮತ್ತು 'ದೇರ್ ಫಾದರ್ಸ್ ಗಾಡ್'ನಲ್ಲಿ, ಪೆರ್ ಹನ್ಸಾನ ಮಗ ಪೀಡರ್ ಐರಿಷ್ ಹುಡುಗಿ ಸೂಸಿಯನ್ನು ಮದುವೆಯಾಗ್ತಾನೆ. ಅಪ್ಪ ಗೂಟ ಕಿತ್ತು ಸುಟ್ಟ ಜನರಿಗೆ ಇಲ್ಲಿ ಕೊನೆಗೂ ಮುಖ ಸಿಗುತ್ತೆ. ಮಗು ಹುಟ್ಟಿದಾಗ ಅಜ್ಜಿ ಬೆರೆಟ್ ಒಂದು ಕಡೆ, ತಾಯಿ ಸೂಸಿ ಇನ್ನೊಂದು ಕಡೆ, ಗುಟ್ಟಾಗಿ ತಮ್ಮ ತಮ್ಮ ಪಂಥದ ದೀಕ್ಷಾಸ್ನಾನ ಮಾಡಿಸ್ತಾರೆ. ಆ ಮಗುವಿನ ಮೊಮ್ಮಕ್ಕಳು ಇವತ್ತು ಜನಗಣತಿ ಫಾರಮ್ಮಿನಲ್ಲಿ ಯಾವ ಹೆಸರು ಬರೀತಾರೆ? ಅವರ ಸಂಬಳ ಯಾರ ಗುಣಕ್ಕೆ ಸಾಕ್ಷಿ?

ಮೊನ್ನೆ ಊಟದ ಟೇಬಲ್ಲಿನಲ್ಲಿ ಮತ್ತೆ ಯಾರದೋ ವಿಷಯ ಬಂತು. 'ಅವರ ಜನವೇ ಹಾಗೆ ಬಿಡಿ' ಅಂದರು ಒಬ್ಬರು. ಈ ಸಲ ನಾನು ನಗಲಿಲ್ಲ. 'ಅವರು ಬಂದಾಗ ನೆಲ ಎಷ್ಟಕ್ಕೆ ಸಿಗ್ತಿತ್ತು?' ಅಂತ ಕೇಳಿದೆ. ಯಾರಿಗೂ ಅರ್ಥ ಆಗಲಿಲ್ಲ. ಊಟದ ಸಮಯ ಮುಗಿದಿತ್ತು, ಎಲ್ಲರೂ ಡಬ್ಬಿ ಮುಚ್ಚಿಕೊಂಡು ಎದ್ದರು. ಮಾರನೇ ದಿನ ಎರಡೂ ಪುಸ್ತಕ ತಗೊಂಡು ಹೋಗಿ ಆ ಟೇಬಲ್ಲಿನ ಮೇಲಿಟ್ಟೆ. ಒಂದನ್ನು ಯಾರೋ ಓದೋಕೆ ಒಯ್ದಿದ್ದಾರೆ.