'ದಾಯ' ಶಬ್ದದ ಅರ್ಥವಿವರಣೆ: ಒಂದು ವಿಮರ್ಶೆ

ಕಾನೂನಿನ ಶಬ್ದಗಳನ್ನು ಜನಸಾಮಾನ್ಯರಿಗೆ ತಿಳಿಯಹೇಳುವ ಕಿರುಹೊತ್ತಗೆಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಂಡುಬರುತ್ತದೆ. ಶಬ್ದಕ್ಕೆ ಪ್ರತಿಶಬ್ದವನ್ನಿತ್ತೊಡನೆ ವಿವರಣೆ ಮುಗಿಯಿತೆಂದು ಅವು ಭಾವಿಸುತ್ತವೆ. 'ಪಿತ್ರಾರ್ಜಿತ'ವೆಂದರೆ 'ತಂದೆಯಿಂದ ಬಂದ ಆಸ್ತಿ' ಎಂಬುದು ಇದಕ್ಕೆ ನಿದರ್ಶನ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಹೊಲವೂ ತಂದೆಯಿಂದಲೇ ಬರುತ್ತದಷ್ಟೆ! ಆದರೆ ಇಂದಿನ ಕಾನೂನಿನಂತೆ ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ. ತಂದೆ ಅದನ್ನು ಮರಣಶಾಸನದ ಮೂಲಕ ಬೇರೆಯವರಿಗೂ ಕೊಡಬಲ್ಲನು. ಪದವನ್ನು ಬಿಡಿಸಿ ನೋಡಿದರೆ 'ತಂದೆ ಗಳಿಸಿದ್ದು' ಎಂದಾಗುವುದರಿಂದ ಭ್ರಾಂತಿ ಇಮ್ಮಡಿಸುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಕ್ರಮ ಬೇರೆ. ಒಡೆಯನೊಡನಿರುವ ಸಂಬಂಧವೊಂದರಿಂದಲೇ ಮತ್ತೊಬ್ಬನ ಸ್ವತ್ತಾಗುವ ಧನವೇ ದಾಯವೆಂದು ಅವನು ಲಕ್ಷಣ ಹೇಳುತ್ತಾನೆ. ಬಳಿಕ ಅದನ್ನು ಎರಡಾಗಿ ವಿಂಗಡಿಸುತ್ತಾನೆ. ಮಗ, ಮೊಮ್ಮಗರಿಗೆ ಹುಟ್ಟಿನಿಂದಲೇ ದೊರೆಯುವುದು ಅಪ್ರತಿಬಂಧ ದಾಯ. ಒಡೆಯನೂ ಅವನ ಪುತ್ರರೂ ಇಲ್ಲದಾಗ ಮಾತ್ರ ಸೋದರಾದಿಗಳಿಗೆ ದೊರೆಯುವುದು ಸಪ್ರತಿಬಂಧ ದಾಯ. ಯಾರಿಗೆ, ಯಾವಾಗ, ಯಾವ ಅಡ್ಡಿ ನೀಗಿದ ಮೇಲೆ ಎಂಬುದೆಲ್ಲ ಇಲ್ಲಿ ವ್ಯಕ್ತವಾಗುತ್ತದೆ. ಹೆಣ್ಣುಮಕ್ಕಳಿಗೆ ಈ ಜನ್ಮಸಿದ್ಧ ಹಕ್ಕನ್ನು ಅವನು ಹೇಳಲಿಲ್ಲವೆಂಬ ಕೊರತೆಯನ್ನು ನಾವು ಮರೆಮಾಚಲಾಗದು.

ಈ ವಿಂಗಡಣೆ ಕೇವಲ ಪಾಂಡಿತ್ಯದ ವಿಷಯವಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದ ಸಹದಾಯಾದಳನ್ನಾಗಿ ಮಾಡಿತು. ಆದರೆ ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ವರ್ಷದ ಸೆಪ್ಟೆಂಬರ್ 9ರಂದು ತಂದೆ ಜೀವಂತನಾಗಿದ್ದರೆ ಮಾತ್ರ ಈ ಹಕ್ಕು ಎಂದು 2015ರಲ್ಲಿ ತೀರ್ಪಿತ್ತಿತು. 2020ರ ಆಗಸ್ಟ್ 11ರಂದು ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಸಹದಾಯಾದ ಸ್ವತ್ತು ಅಪ್ರತಿಬಂಧ ದಾಯ. ಅದರ ಹಕ್ಕಿಗೆ ಹುಟ್ಟು ಕಾರಣವೇ ಹೊರತು ತಂದೆಯ ಅಳಿವು ಉಳಿವುಗಳಲ್ಲ ಎಂಬುದು ಪೀಠದ ತರ್ಕ. ಕಲ್ಯಾಣದಲ್ಲಿ ಗಂಡುಮಕ್ಕಳನ್ನು ಕುರಿತು ಹೇಳಿದ ಪರಿಭಾಷೆ ಹೀಗೆ ಹೆಣ್ಣುಮಕ್ಕಳ ಪಾಲನ್ನು ಕಾಯಿತು.

ಆದುದರಿಂದ ಜನಸಾಮಾನ್ಯರಿಗಾಗಿ ಬರೆಯುವ ಅರ್ಥಕೋಶಗಳು ಪ್ರತಿಶಬ್ದದಲ್ಲಿ ನಿಲ್ಲದೆ, ಹಕ್ಕು ಹುಟ್ಟುವ ಕಾರಣವನ್ನೂ ಕಾಲವನ್ನೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ತಂದೆ ತೀರಿದ ವರ್ಷವನ್ನು ನೆನೆದು, ತನಗಿನ್ನು ಪಾಲಿಲ್ಲವೆಂದು ಸುಮ್ಮನಾಗುವ ಮಗಳಿಗೆ ಅಷ್ಟಾದರೂ ತಿಳಿಯಬೇಡವೆ?