ಅವರೆ ಕಾಲದ ಊಟ

ಊಟದ ಹೋಟೆಲನ್ನು ರುಚಿ, ಶುಚಿ, ಬೆಲೆ ನೋಡಿ ತೂಗುವುದು ವಾಡಿಕೆ. ಕಾಲಕ್ಕೆ ತಕ್ಕ ಊಟ ಹಾಕುತ್ತೇವೆ ಎನ್ನುವ ಹೋಟೆಲಿಗೆ ಇನ್ನೊಂದು ಪರೀಕ್ಷೆಯೂ ಬೇಕು: ಯಾವ ಕಾಲದಲ್ಲಿ ಏನನ್ನು ಬಡಿಸಲು ಅದು ಒಪ್ಪುವುದಿಲ್ಲ? ಬಸವನಗುಡಿಯಲ್ಲಿ ನಮ್ಮ ಬೀದಿಯ ಸಣ್ಣ ಊಟದ ಹೋಟೆಲು ನನಗೆ ಅಚ್ಚುಮೆಚ್ಚಾಗಿರುವುದು ಈ ಪರೀಕ್ಷೆಯಲ್ಲಿ ಗೆದ್ದದ್ದರಿಂದ.

ನಾಟಿ ಅವರೆ ಹಗಲು ಕಿರಿದಾದಾಗ ಹೂ ಬಿಡುವ ಬೆಳೆ. ಹಾಗಾಗಿ ಅದರ ಸುಗ್ಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹಗಲಿನ ಉದ್ದಕ್ಕೆ ಕಾಯದೆ ಕಾಯಿ ಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ಕೊಟ್ಟ ಮೇಲೆ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ. ರೈತನಿಗೆ ಇದು ಒಳ್ಳೆಯದೇ. ಆದರೆ ಚಳಿಯಲ್ಲಿ ಇಬ್ಬನಿ ಕುಡಿದು ಬಲಿತ ಕಾಯಿಯ ಸೊಗಡೇ ಬೇರೆ. ಸುಲಿದವರ ಬೆರಳಿಗೆ ಅಂಟಿದರೆ ಕೈ ತೊಳೆದರೂ ಬಿಡುವುದಿಲ್ಲ. ಒಂದು ಕಾಲಕ್ಕೆ ಅನಿವಾರ್ಯವಾಗಿದ್ದ ಋತುನಿಷ್ಠೆ ಈಗ ಅಡುಗೆಯವರ ವಿವೇಕಕ್ಕೆ ಬಿಟ್ಟ ವಿಷಯ. ಶಿವರಾತ್ರಿಯ ಹೊತ್ತಿಗೆ ಈ ಹೋಟೆಲಿನಲ್ಲಿ “ಅವರೆ ಮುಗೀತು, ಇನ್ನು ಮುಂದಿನ ವರ್ಷಾನೇ” ಅನ್ನುತ್ತಾರೆ. ಆ ಮಾತಿನಲ್ಲಿ ಅಡುಗೆಯ ಮೇಲಿನ ಗೌರವವಿದೆ.

ಇನ್ನು ಹಿತಕಬೇಳೆ ಸಾರು. ನೆನೆದ ಕಾಳನ್ನು ಎರಡು ಬೆರಳಿನ ನಡುವೆ ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಬೇಕು. ಇಬ್ಬರು ಹೆಂಗಸರು ಬೆಳಿಗ್ಗೆಯೆಲ್ಲ ಕೂತು ಮಾಡುವ ಕೆಲಸವಿದು. ಆ ದಿನಗಳಲ್ಲಿ ಊಟದ ಬೆಲೆ ತುಸು ಏರುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಬೇಳೆ ಬೆಂದಿರುತ್ತದೆ, ಕರಗಿರುವುದಿಲ್ಲ. ಚಕ್ಕೆ ಲವಂಗ ಹೆಸರಿಗಷ್ಟೆ, ಹಸಿಮೆಣಸಿನ ಖಾರ ಹಿತವಾಗಿ. ಬಿಸಿ ರಾಗಿ ಮುದ್ದೆಯ ತುತ್ತನ್ನು ಅದರಲ್ಲಿ ಅದ್ದಿ ನುಂಗಿದರೆ ಮೊದಲು ಸೊಗಡು, ಆಮೇಲೆ ಮಸಾಲೆ. ಈ ಕ್ರಮ ತಪ್ಪದಿರುವುದೇ ಆ ಕೈಯ ಹೆಚ್ಚುಗಾರಿಕೆ. ವಿ.ವಿ. ಪುರದ ಅವರೆಬೇಳೆ ಮೇಳದ ಸಡಗರ ನನಗೂ ಇಷ್ಟ. ಆದರೆ ಜಾಮೂನು, ಜಿಲೇಬಿಗೆಲ್ಲ ಅವರೆ ಬೆರೆಸಿದಾಗ ಸಕ್ಕರೆ ಪಾಕದಲ್ಲಿ ಕಾಳಿನ ಗುಣವೇ ಮುಳುಗುತ್ತದೆ. ಒಂದೇ ಸಾರನ್ನು ಹದವಾಗಿ ಮಾಡುವುದು ಅದಕ್ಕಿಂತ ದೊಡ್ಡ ವಿದ್ಯೆ.

ಕೊರತೆಗಳೂ ಇವೆ. ಭಾನುವಾರ ಜನ ಜಾಸ್ತಿಯಾದಾಗ ಸಾರಿಗೆ ತೆಂಗಿನಕಾಯಿ ಹೆಚ್ಚಾಗಿ ಬೀಳುತ್ತದೆ. ಸಾರು ಗಟ್ಟಿಯಾಗುತ್ತದೆ, ಅವರೆ ಹಿಂದೆ ಸರಿಯುತ್ತದೆ. ಯುಗಾದಿಯ ಆಸುಪಾಸಿನ ಮಾವಿನಕಾಯಿ ಚಿತ್ರಾನ್ನ, ಬಿರುಬೇಸಿಗೆಯ ಬೂದುಗುಂಬಳದ ಮಜ್ಜಿಗೆಹುಳಿಯವರೆಗೆ ಚೆನ್ನಾಗಿ ಸಾಗುವ ಕಲ್ಪನೆ ಮಳೆ ಶುರುವಾದೊಡನೆ ನಿಂತುಬಿಡುತ್ತದೆ. ಜುಲೈ, ಆಗಸ್ಟಿನಲ್ಲಿ ಬರೀ ಬೀನ್ಸು, ಕ್ಯಾರೆಟ್ ಪಲ್ಯ. ಮಲೆನಾಡಿನ ಅಡುಗೆಮನೆಗಳಲ್ಲಿ ಕಳಲೆ ಪಲ್ಯ, ಕೆಸುವಿನೆಲೆಯ ಪತ್ರೊಡೆ ಮಾಡುವ ಹೊತ್ತದು. ಅಷ್ಟು ದೂರ ಹೋಗುವುದು ಬೇಡವೆಂದರೂ ನಮ್ಮ ಬಯಲುಸೀಮೆಯಲ್ಲೇ ಆಗ ಬೆರಕೆ ಸೊಪ್ಪು ಹುಲುಸಾಗಿ ಬರುತ್ತದೆ. ಮಸ್ಸೊಪ್ಪು ಮಾಡಲು ಯಾರ ಅಡ್ಡಿಯೂ ಇಲ್ಲ.

ಚಳಿಗಾಲದಲ್ಲಿ ತೋರುವ ಶ್ರದ್ಧೆಯನ್ನು ಮಳೆಗಾಲಕ್ಕೂ ತೋರಿದರೆ ಈ ಹೋಟೆಲು ವರ್ಷವಿಡೀ ಋತುವಿನ ಊಟ ಹಾಕಬಲ್ಲದು. ಆ ಕೈಗೆ ಅದು ಖಂಡಿತ ಸಾಧ್ಯ. ಗಿರಾಕಿಗಳಾದ ನಾವೂ ಮೇ ತಿಂಗಳಲ್ಲಿ ಹಿತಕಬೇಳೆ ಕೇಳುವುದನ್ನು ಬಿಡಬೇಕು.