ಗೆದ್ದ ಮೇಲಿನ ಕಥೆ

ಆಟದ ವಿಷಯವಾದ ಗ್ರಂಥವೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಂಡರೆ ಹುಬ್ಬೇರಿಸುವವರು ಇದ್ದೇ ಇದ್ದಾರೆ. ಡೇವಿಡ್ ಹಾಲ್ಬರ್‌ಸ್ಟಾಮ್ ಅವರ ‘ದಿ ಬ್ರೇಕ್ಸ್ ಆಫ್ ದಿ ಗೇಮ್’ (1981) ಅಂಥವರ ಕೈಗೇ ಮೊದಲು ಕೊಡಬೇಕಾದ ಪುಸ್ತಕ. ವಿಯೆಟ್ನಾಂ ಯುದ್ಧದ ವರದಿಗಾಗಿ 1964ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಪತ್ರಕರ್ತರು ಅಮೆರಿಕದ ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಬೆನ್ನು ಹಿಡಿದು, ಒಂದು ಋತುವಿಡೀ ಊರೂರು ಸುತ್ತಿ ಇದನ್ನು ಬರೆದರು.

ತಂಡ ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ್ದು. ಹೆಸರು ಟ್ರೇಲ್ ಬ್ಲೇಜರ್ಸ್. ಹುಟ್ಟಿದ್ದು 1970ರಲ್ಲಿ. ಮೊದಲ ಆರು ಋತುಗಳಲ್ಲಿ ಒಮ್ಮೆಯೂ ಅದರ ಗೆಲುವುಗಳು ಸೋಲುಗಳನ್ನು ಮೀರಲಿಲ್ಲ. 1974ರಲ್ಲಿ ಬಂದ ಬಿಲ್ ವಾಲ್ಟನ್ ಎಂಬ ಎತ್ತರದ ಹುಡುಗ ಎರಡು ವರ್ಷ ಗಾಯಗಳಲ್ಲೇ ನವೆದ. 1976ರಲ್ಲಿ ಜ್ಯಾಕ್ ರ‍್ಯಾಮ್ಸೆ ತರಬೇತುದಾರರಾಗಿ ಬಂದರು; ಪ್ರತಿಸ್ಪರ್ಧಿ ಲೀಗ್ ಮುಚ್ಚಿದ್ದರಿಂದ ಮಾರಿಸ್ ಲೂಕಸ್ ದೊರೆತ. ಮರುವರ್ಷ ತಂಡ ಅಂತಿಮ ಸುತ್ತಿಗೆ ಹೋಯಿತು. ಫಿಲಡೆಲ್ಫಿಯದ ಎದುರು ಮೊದಲೆರಡು ಪಂದ್ಯ ಸೋತು, ಅನಂತರ ನಾಲ್ಕನ್ನು ಒಂದೇ ಸಮನೆ ಗೆದ್ದಿತು. 1977ರ ಜೂನ್ 5ರಂದು 109-107. ವಾಲ್ಟನ್ ಆ ದಿನ 20 ಅಂಕ ಗಳಿಸಿದ. ಪುಟಿದು ಬಂದ ಚೆಂಡನ್ನು 23 ಸಲ ಹಿಡಿದ. ಪಂದ್ಯ ಮುಗಿದೊಡನೆ ಅಂಗಿಯನ್ನು ಕಳಚಿ ಜನದತ್ತ ಎಸೆದ.

ಇನ್ನಾರಾದರೂ ಆಗಿದ್ದರೆ ಪುಸ್ತಕವನ್ನು ಈ ಅಂಗಿಯೊಂದಿಗೆ ಮುಗಿಸುತ್ತಿದ್ದರು. ಹಾಲ್ಬರ್‌ಸ್ಟಾಮ್ ಆರಿಸಿಕೊಂಡದ್ದು 1979-80ರ ಋತುವನ್ನು. ಗೆದ್ದ ತಂಡ ಆಗಲೇ ಚದುರುತ್ತಿದೆ. ಉಳಿದವರ ಮನಸ್ಸಿನಲ್ಲಿ, ಊರಿನ ಮಾತಿನಲ್ಲಿ ಆ ಗೆಲುವು ನೆನಪಾಗಿ ಮಾತ್ರ ಇದೆ. ಕೊನೆಯಲ್ಲಿ ನಿಂತು ಹಿಂದಿನದನ್ನೆಲ್ಲ ನೋಡುವ ಈ ಕ್ರಮ ನಮಗೆ ಹೊಸದಲ್ಲ. ರನ್ನ ಭಾರತದ ಕಥೆಯನ್ನೆಲ್ಲ ಕಡೆಯ ಗದಾಯುದ್ಧದ ಅಂಗಳದಿಂದಲೇ ಹೇಳಿದ. ಆದರೆ ರನ್ನನ ಅಂಗಳದಲ್ಲಿ ಯುದ್ಧ ಇನ್ನೂ ಉಳಿದಿತ್ತು. ಇಲ್ಲಿ ಉಳಿದಿರುವುದು ಸಂಬಳದ ತಕರಾರು, ನೋಯುವ ಪಾದ.

ಪಾದದ ವಿಷಯವೇ ಪುಸ್ತಕದ ಜೀವ. 1977-78ರಲ್ಲಿ ತಂಡ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿತ್ತು. ವಾಲ್ಟನ್‌ನ ಪಾದ ಕೆಟ್ಟಿತು. ನೋವು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡು ಆಡಿದ. ಆಮೇಲೆ ನೋಡಿದರೆ ಮೂಳೆ ಮುರಿದಿತ್ತು. ಅವನು ಮುನಿದು, ಒಂದು ವರ್ಷ ಕುಳಿತು, 1979ರಲ್ಲಿ ಸ್ಯಾನ್ ಡಿಯೇಗೊಗೆ ಹೊರಟುಹೋದ. ಯಾರ ತಪ್ಪು? ಲೇಖಕರು ತೀರ್ಪು ಕೊಡಲು ಅವಸರಪಡುವುದಿಲ್ಲ. ಅವನಿಗೆ ಬದಲಾಗಿ ಬಂದವರಲ್ಲಿ ಒಬ್ಬ ಕರ್ಮಿಟ್ ವಾಷಿಂಗ್ಟನ್. ಇವನು 1977ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ತಂಡದಲ್ಲಿದ್ದಾಗ, ಜಗಳದ ಕಡೆ ಓಡಿಬಂದ ರೂಡಿ ಟೊಮ್ಜಾನೊವಿಚ್‌ಗೆ ಕೊಟ್ಟ ಒಂದೇ ಗುದ್ದಿಗೆ ಆತನ ಮುಖದ ಮೂಳೆಗಳು ಮುರಿದುವು. ಅಂಥ ಮನುಷ್ಯ ಮಿತಭಾಷಿ, ಶ್ರಮಜೀವಿ, ತಂಡಕ್ಕೆಲ್ಲ ಬೇಕಾದವನು ಎಂಬುದನ್ನು ಲೇಖಕರು ಕಾಣಿಸುವ ಪುಟಗಳಲ್ಲಿ ಒಳ್ಳೆಯ ಕಾದಂಬರಿಕಾರನ ತಾಳ್ಮೆಯಿದೆ.

ಆದರೆ ದೋಷವೂ ಸಣ್ಣದಲ್ಲ. ಯಾರಾದರೂ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅವರ ಹುಟ್ಟು, ಶಾಲೆ, ಕರಾರು ಎಲ್ಲವನ್ನೂ ಕೇಳಿಯೇ ಮುಂದೆ ಹೋಗಬೇಕು. ಟೆಲಿವಿಷನ್ನಿನ ಹಣ ಆಟವನ್ನು ಹೇಗೆ ಬದಲಿಸಿತೆಂಬ ವಿವೇಚನೆ ಬೆಲೆಯುಳ್ಳದ್ದು. ಅದನ್ನು ಮತ್ತೆ ಮತ್ತೆ ಹೇಳಬೇಕಾಗಿರಲಿಲ್ಲ. ಇದಕ್ಕಿಂತ ನನಗೆ ಹೆಚ್ಚು ಕೊರತೆಯೆನಿಸಿದ್ದು ಬೇರೆ. 1977ರ ಆ ಐವರ ಆಟದ ಸೊಗಸು ಚೆಂಡು ಯಾರ ಕೈಯಲ್ಲೂ ನಿಲ್ಲದಿರುವುದರಲ್ಲಿತ್ತು. ವಾಲ್ಟನ್ ಚೆಂಡು ಹಿಡಿದು ನೆಲಕ್ಕಿಳಿಯುವ ಮೊದಲೇ ಉಳಿದವರು ಓಡತೊಡಗಿರುತ್ತಿದ್ದರು. ಆಟವನ್ನು ಕಾಣದ ಓದುಗನಿಗೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದರೆ, ಆಮೇಲಿನ ನಷ್ಟ ಎಷ್ಟು ದೊಡ್ಡದೆಂದು ತಾನೇ ತಿಳಿಯುತ್ತಿತ್ತು. ಹಾಲ್ಬರ್‌ಸ್ಟಾಮ್ ಆ ಸೊಗಸನ್ನು ನಂಬಿಸುತ್ತಾರೆ, ತೋರಿಸುವುದು ಕಡಮೆ. ಏನು ಕಳೆಯಿತೆಂಬುದು ಮಸುಕಾಗಿರುವಾಗ ಕಳೆದುಕೊಂಡವರ ದುಃಖಕ್ಕೆ ನಾವು ಎಷ್ಟು ದೂರ ಜೊತೆಯಾಗಬಲ್ಲೆವು?

ಈ ಕೊರತೆಯನ್ನು ಮರೆಸುವ ಪಾತ್ರ ಒಂದಿದೆ. ಋತುವಿನ ನಡುವೆ ಲೂಕಸ್ ಬೇರೆ ತಂಡಕ್ಕೆ ಹೋದ ಕಾಲದಲ್ಲೇ, ಮಿಸಿಸಿಪ್ಪಿಯ ಬಡ ಗೇಣಿದಾರರ ಮನೆಯ ಬಿಲ್ಲಿ ರೇ ಬೇಟ್ಸ್ ಸಣ್ಣ ಲೀಗೊಂದರಿಂದ ಬಂದ. ರ‍್ಯಾಮ್ಸೆಯವರ ಲೆಕ್ಕಾಚಾರದ ಆಟಕ್ಕೂ ಅವನಿಗೂ ಹೊಂದಿಕೆ ಅಷ್ಟಕ್ಕಷ್ಟೆ. ಆದರೂ ಸಿಯಾಟಲ್‌ನ ಎದುರು ಕೊನೆಯ ಮೂರು ಪಂದ್ಯಗಳಲ್ಲಿ ಸರಾಸರಿ 25 ಅಂಕ ಗಳಿಸಿದ. ತಂಡ ಸೋತಿತು. ಅವನು ಚೆಂಡು ಹಿಡಿದಾಗ ಮಾತ್ರ ಊರಿನ ಜನ ಎರಡು ವರ್ಷದ ಹಿಂದಿನಂತೆಯೇ ಎದ್ದು ನಿಲ್ಲುತ್ತಿದ್ದರು.